ಸೀಸರ್ ಕಲಿತದ್ದು

ಅನಂತರಾಮು ನಾಯಿಮರಿಯನ್ನು ಮನೆಗೆ ತಂದದ್ದು ಶನಿವಾರ ಸಂಜೆ. ಸೋಮವಾರ ಬೆಳಿಗ್ಗೆ ಅವನು ಬ್ಯಾಗು ಹಿಡಿದು ಕೋಲಾರದ ಕಡೆ ಟೂರು ಹೊರಟುಬಿಟ್ಟ. ಅಂದರೆ ಆ ನಾಯಿಯ ಯಜಮಾನನಾಗಿ ಅವನು ಇದ್ದದ್ದು ಒಂದೂವರೆ ದಿನ. ಉಳಿದ ದಿನಗಳೆಲ್ಲ ಅವನ ಹೆಂಡತಿ ಸೀತಾಲಕ್ಷ್ಮಿಯ ಪಾಲಿಗೆ ಬಂದವು. ಇಂದಿರಾನಗರದ ಯಾರೋ ದೊಡ್ಡ ಅಧಿಕಾರಿಗೆ ದಿಲ್ಲಿಗೆ ವರ್ಗವಾಗಿತ್ತಂತೆ, ಅಪ್ಪಟ ಅಲ್ಸೇಷಿಯನ್ ಅಂತೆ, ಸುಮ್ಮನೆ ಕೊಟ್ಟರಂತೆ. ಸೀಸರ್ ಎಂಬ ಹೆಸರೂ ಅದರ ಜೊತೆಗೇ ಬಂದಿತ್ತು. ವಿಮೆ ಮಾಡಿಸುತ್ತ ಊರೂರು ಸುತ್ತುವ ಗಂಡ, ದಂಡು ಪ್ರದೇಶದ ಕಚೇರಿಯೊಂದರಲ್ಲಿ ದಿನವಿಡೀ ಟೈಪು ಹೊಡೆಯುವ ಹೆಂಡತಿ, ಎಪ್ಪತ್ತನಾಲ್ಕು ವರ್ಷದ ಮಾವ. ಇಂಥ ಮನೆಗೆ ಒಂದು ಅಲ್ಸೇಷಿಯನ್ನಿನ ಕೊರತೆ ಇದೆಯೆಂದು ಯಾರಿಗೂ ಅನಿಸಿರಲಿಲ್ಲ.

ಮಾವ ಯಜ್ಞನಾರಾಯಣ ಮೇಷ್ಟ್ರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಅವರ ಮಡಿ ಇನ್ನಷ್ಟು ಬಿಗಿಯಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಹಿತ್ತಿಲ ಜಗಲಿಯಲ್ಲಿ ಯಾರಿಗೂ ತಾಗದಷ್ಟು ಎತ್ತರದಲ್ಲಿ ಕಟ್ಟಿದ್ದ ಬಿದಿರಿನ ಗಳುವಿನಿಂದ ಒಣಗಿದ ಪಂಚೆಯನ್ನು ಮಡಿಕೋಲಿನಲ್ಲಿ ಎತ್ತಿ ಇಳಿಸಿಕೊಳ್ಳುವರು. ಒಗೆದ ಪಂಚೆಯನ್ನು ಅದೇ ಕೋಲಿನಲ್ಲಿ ಮೇಲೆ ಹರವುವರು. ಆಮೇಲೆ ಪೂಜೆ, ಹತ್ತು ಗಂಟೆಗೆ ಊಟ. ಅಲ್ಲಿಯವರೆಗೆ ಸೊಸೆಯೂ ಅವರಿಂದ ಎರಡು ಮಾರು ದೂರ. ಇನ್ನು ನಾಯಿಯ ಮಾತೆಲ್ಲಿ ಬಂತು? ಮರಿ ಬಾಲ ಅಲ್ಲಾಡಿಸುತ್ತ ಹತ್ತಿರ ಬಂದರೆ ಕೈಯಲ್ಲಿದ್ದ ಕೋಲನ್ನು ಎತ್ತಿ "ಹಚಾ!" ಎನ್ನುವರು. ಅಷ್ಟಕ್ಕೂ ಹೋಗದಿದ್ದರೆ ಕೋಲಿನ ತುದಿಯಿಂದ ಅದರ ಪಕ್ಕೆಗೆ ತಿವಿದು ಆಚೆ ತಳ್ಳುವರು. ಒಂದು ದಿನವೂ ಹೊಡೆಯಲಿಲ್ಲ. ಹೊಡೆದರೆ ಪಾಪ ಎಂದು ಅವರಿಗೂ ಗೊತ್ತಿತ್ತು.

ಸತ್ಯ ಹೇಳಬೇಕೆಂದರೆ ಸೀತಾಲಕ್ಷ್ಮಿಯೂ ಸಾಚಾ ಏನಲ್ಲ. ಸಂಜೆ ಎರಡು ಬಸ್ಸು ಬದಲಾಯಿಸಿ, ಕಾಲು ಸೋತು ಮನೆಗೆ ಬಂದರೆ ಈ ಪ್ರಾಣಿ ಮೇಲೆ ಹಾರುತ್ತಿತ್ತು. ಮುಟ್ಟಿಸಿಕೊಂಡರೆ ಅಡುಗೆಮನೆಗೆ ಹೋಗುವ ಮೊದಲು ಇನ್ನೊಂದು ಸ್ನಾನ. ಅವಳೂ ಅದೇ ಕೋಲು ತೆಗೆದುಕೊಂಡು ತಳ್ಳಿದ್ದಳು, ಒಂದು ಸಲವಲ್ಲ, ನೂರು ಸಲ. ಅನ್ನವನ್ನು ದೂರದಿಂದಲೇ ತಟ್ಟೆಗೆ ಸುರಿದು ಬಂದಿದ್ದಳು. ನಾಯಿ ದೊಡ್ಡದಾಯಿತು, ಹಾರುವುದನ್ನು ಬಿಟ್ಟಿತು. ಬುದ್ಧಿ ಬಂತು ಎಂದು ಮನೆಯವರೆಲ್ಲ ಅಂದುಕೊಂಡರು.

ಎಪ್ಪತ್ತೆಂಟರ ಆಗಸ್ಟಿನಲ್ಲಿ ಒಂದು ಸಂಜೆ ಪಕ್ಕದ ಮನೆಯ ಅಂಜನಮೂರ್ತಿಯ ಮಗಳು, ಆರು ವರ್ಷದ ಪುಟ್ಟಿ, ಇವರ ಕಾಂಪೌಂಡಿನೊಳಗೆ ಬಂದು ಸೀಬೆಕಾಯಿ ಬೀಳಿಸಲೆಂದು ಕೋಲೊಂದನ್ನು ಮೇಲೆತ್ತಿದಳು. ಗಿಡದ ಕೆಳಗೆ ಮಲಗಿದ್ದ ಸೀಸರ್ ಒಂದೇ ನೆಗೆತಕ್ಕೆ ಅವಳ ಲಂಗ ಹರಿದುಹಾಕಿತು. ತೋಳಿನ ಮೇಲೆ ಹಲ್ಲಿನ ಎರಡು ಗೀರು ಮೂಡಿದವು. ನಾಯಿಗೆ ಇಂಜೆಕ್ಷನ್ ಆಗಿದ್ದ ಚೀಟಿ ಇತ್ತು. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ ಎಂದರು ಡಾಕ್ಟರು. ಅದರಿಂದ ಮಗುವಿನ ಹೊಟ್ಟೆಗೆ ಹದಿನಾಲ್ಕು ಸೂಜಿ ತಪ್ಪಿತು. ಆದರೆ ಪುಟ್ಟಿ ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಳು.

ಅಂಜನಮೂರ್ತಿ ಬಡಾವಣೆಯ ಸಂಘದ ಕಾರ್ಯದರ್ಶಿ, ಮೆತ್ತಗಿನ ಮನುಷ್ಯ. ಕೂಗಾಡಿದ್ದರೆ ಸೀತಾಲಕ್ಷ್ಮಿಯೂ ಎರಡು ಮಾತು ಆಡಬಹುದಿತ್ತು. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಕುರ್ಚಿಯ ಅಂಚಿನಲ್ಲಿ ಕೂತ.

"ನಮಗೂ ಮನಸ್ಸಿಲ್ಲ ಮೇಡಂ. ಆದ್ರೆ ಮಕ್ಕಳಿರೋ ಜಾಗ ನೋಡಿ. ಒಂದು ತಿಂಗಳು ಟೈಮ್ ತಗೊಳ್ಳಿ. ಸರಿಯಾಗಿ ಟ್ರೇನ್ ಮಾಡ್ಸಿ, ಇಲ್ದಿದ್ರೆ ಎಲ್ಲಾದ್ರೂ ಕಳಿಸ್ಬಿಡಿ."

"ಅದಕ್ಕೇನ್ ಸಾರ್, ಟ್ರೇನಿಂಗ್ ಕೊಡ್ಸೋಣ," ಎಂದ ಅನಂತರಾಮು. "ಫ್ರೇಜರ್ ಟೌನಲ್ಲಿ ಮಿಲಿಟ್ರಿಯವರು ಒಬ್ರಿದಾರೆ. ಭಾನುವಾರ ಭಾನುವಾರ ಕ್ಲಾಸು."

ಭಾನುವಾರಗಳಲ್ಲಿ ತಾನು ಚಿಂತಾಮಣಿಯಲ್ಲೋ ಮುಳಬಾಗಿಲಲ್ಲೋ ಇರುತ್ತೇನೆಂಬುದನ್ನು ಅವನು ಹೇಳಲಿಲ್ಲ. ಅದೇ ವಾರ ಅವನ ಪಾಲಿಸಿದಾರ ಮುನಿವೆಂಕಟಪ್ಪ ನಾಯಿ ನೋಡಲು ಬಂದ. ಅವನಿಗೆ ಟಿನ್ ಫ್ಯಾಕ್ಟರಿಯ ಹತ್ತಿರ ಮರ ಕುಯ್ಯುವ ಮಿಲ್ಲಿತ್ತು.

"ಕಚ್ಚಿದ್ರೆ ಒಳ್ಳೇದೇ ಆಯ್ತಲ್ಲಮ್ಮ, ನಂಗೂ ಕಚ್ಚೋದೇ ಬೇಕು. ಹಗಲೆಲ್ಲ ಸರಪಳೀಲಿ ಕಟ್ಟಾಕ್ತೀನಿ, ಕತ್ಲಾದ್ಮೇಲೆ ಬಿಡ್ತೀನಿ. ಜಾಸ್ತಿ ಅನ್ನ ಹಾಕ್ಬಾರ್ದು, ಹೊಟ್ಟೆ ತುಂಬಿದ್ರೆ ಬೊಗಳಲ್ಲ. ನಿಮ್ಮ ತಿಂಗಳು ಮುಗೀಲಿ, ಗಾಡಿ ಕಳಿಸ್ತೀನಿ."

ಸೀತಾಲಕ್ಷ್ಮಿಗೆ ಆವಾಗ ಆದದ್ದು ಸಮಾಧಾನವೇ. ಒಂದು ತಿಂಗಳು ಕಳೆದರೆ ಪೀಡೆ ತೊಲಗುತ್ತದೆ. ಕ್ಲಾಸಿಗೆ ಹೋದ ಶಾಸ್ತ್ರ ಮಾಡಿದರಾಯಿತು ಎಂದುಕೊಂಡಳು.

ಆ ಶಾಸ್ತ್ರವೇ ಅವಳ ಸೊಂಟ ಮುರಿಯಿತು. ನಾಯಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ, ಆಟೋದವರು ನೋಡಿದ ಕೂಡಲೇ ಮುಖ ತಿರುಗಿಸುತ್ತಾರೆ. ವಾರಕ್ಕೆ ಸಿಗುವ ಒಂದೇ ಭಾನುವಾರ ಐದೂವರೆಗೆ ಮನೆ ಬಿಟ್ಟು, ಇಂದಿರಾನಗರ ದಾಟಿ, ಹಲಸೂರು ಕೆರೆಯ ದಂಡೆ ಹಿಡಿದು, ಫ್ರೇಜರ್ ಟೌನಿನ ಮಾಸ್ಕ್ ರೋಡಿನ ಹಿಂದಿನ ಬಯಲಿಗೆ ನಡೆಯಬೇಕು. ಹೋಗಲು ಒಂದೂವರೆ ಗಂಟೆ, ಬರಲು ಇನ್ನೂ ಹೆಚ್ಚು. ಸೀರೆಯುಟ್ಟ ಹೆಂಗಸು ಕರಡಿಯಂಥ ನಾಯಿ ಹಿಡಿದು ಹೋಗುವುದನ್ನು ಹಲಸೂರಿನ ಹಾಲಿನವರು ನಿಂತು ನೋಡಿದರು.

ನಜೀರ್ ಸಾಹೇಬರು ಹದಿನೆಂಟು ವರ್ಷ ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿದವರು. ತೆಳ್ಳನೆಯ ಮೈ, ಬಿಳಿ ಗಡ್ಡ, ಒಂದು ಮಂಡಿ ಬಗ್ಗದು. ಅಲ್ಲಿ ಪಮೇರಿಯನ್ ಎತ್ತಿಕೊಂಡು ಬಂದ ಆಂಗ್ಲೋ ಇಂಡಿಯನ್ ಅಜ್ಜಿಯಿದ್ದಳು, ಡಾಬರ್ಮನ್ ತಂದ ಹಲ್ಲಿನ ಡಾಕ್ಟರಿದ್ದ, ಇನ್ನೂ ನಾಲ್ಕೈದು ಜನರಿದ್ದರು. ಮೊದಲ ಪಾಠ ಸುಲಭದ್ದು. ನಾಯಿಯನ್ನು ಕೂರಿಸಿ ಹತ್ತು ಹೆಜ್ಜೆ ದೂರ ಹೋಗಿ "ಕಮ್" ಎಂದು ಕರೆಯಬೇಕು. ಕೂರಿಸುವುದರಲ್ಲೇ ಎಲ್ಲರಿಗೂ ಸಾಕಾಗುತ್ತಿತ್ತು, ಕರೆಯುವ ಮೊದಲೇ ನಾಯಿಗಳು ಓಡಿಬರುತ್ತಿದ್ದವು. ಸೀಸರ್ ಮಾತ್ರ ಕೂತಲ್ಲೇ ಕೂತಿತ್ತು. ಕರೆದರೆ ಎದ್ದು ಬಂತು. ಕೈಗೆ ಎಟುಕದಷ್ಟು ದೂರದಲ್ಲಿ ನಿಂತು ಮತ್ತೆ ಕೂತಿತು. ಅಲ್ಲಿಂದ ಒಂದಡಿ ಮುಂದೆ ಬರಲಿಲ್ಲ. ಹತ್ತು ಸಲ ಕರೆದರೂ ಅಷ್ಟೇ ದೂರ, ಅಳತೆ ಹಿಡಿದ ಹಾಗೆ.

ನಜೀರ್ ಹತ್ತಿರ ಬಂದು ನೋಡಿದರು. ಬೆವರು ಒರೆಸಿಕೊಳ್ಳಲು ಅವರು ಕೈ ಮೇಲೆತ್ತಿದ್ದೇ ತಡ, ಸೀಸರ್ ಹೊಟ್ಟೆ ನೆಲಕ್ಕೆ ಒತ್ತಿ ಮಲಗಿ ಹಲ್ಲು ತೋರಿಸಿತು. ಅವರು ಕೈಯನ್ನು ನಿಧಾನವಾಗಿ ಇಳಿಸಿದರು.

"ಅಮ್ಮ, ಮನೇಲಿ ಕೋಲಿದ್ಯಾ?"

"ನಾವು ಹೊಡಿಯಲ್ಲ ಸಾಬ್ರೇ. ದೇವರಾಣೆ. ಮುಟ್ಟಿಸ್ಕೋಬಾರ್ದು ಅಂತ ಬರೀ ದೂರ ತಳ್ತೀವಿ ಅಷ್ಟೆ."

"ದಿನಾ?"

"ದಿನಾ."

"ಒಂದ್ಸಲ ಹೊಡೆದ್ರೆ ನಾಯಿ ಮರ್ತೋಗ್ತದೆ ಅಮ್ಮ. ದಿನಾ ಒಂದೇ ಟೈಮಿಗೆ, ಒಂದೇ ಥರ, ಎಲ್ಲಾರೂ ಸೇರಿ ಮಾಡಿದ್ರೆ ಅದು ಟ್ರೇನಿಂಗ್. ಮಿಲಿಟ್ರೀಲಿ ನಾವು ಹಂಗೇ ಮಾಡೋದು. ಇಷ್ಟು ಪಕ್ಕಾ ಕಲ್ತಿರೋ ನಾಯಿ ನಾನು ನೋಡಿಲ್ಲ. ಮೇಲೆ ಎದ್ದ ಕೈ ಅಂದ್ರೆ ದುಶ್ಮನ್ ಅಂತ ನೀವೇ ಕಲ್ಸಿದೀರಿ. ನೀವು ಹೇಳಿದ ಆ ಮಗೂಗೂ ಅದನ್ನೇ ಮಾಡ್ತು."

ಸೀತಾಲಕ್ಷ್ಮಿಗೆ ಅಲ್ಲೇ ಕೂತುಬಿಡೋಣ ಅನಿಸಿತು. ನಾಯಿ ಕೆಟ್ಟದ್ದೆಂದು ಇಷ್ಟು ದಿನ ನಂಬಿದ್ದಳು. ಕೆಟ್ಟದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು, ಮುನಿವೆಂಕಟಪ್ಪನ ಗಾಡಿ ಹತ್ತಿಸಿ ಕೈ ತೊಳೆದುಕೊಳ್ಳಬಹುದಿತ್ತು. ಈಗ ಅದೂ ಹೋಯಿತು.

ನಜೀರ್ ಹೇಳಿದ ಮದ್ದು ಹೀಗಿತ್ತು. ತಟ್ಟೆ ಬೇಡ. ಎರಡು ಹೊತ್ತೂ ನೆಲದ ಮೇಲೆ ಕೂತು ಕೈಯಿಂದಲೇ ಅನ್ನ ಕೊಡಬೇಕು. ಮನೆಯಲ್ಲಿ ಯಾರ್ಯಾರು ತಳ್ಳಿದ್ದಾರೋ ಅವರೆಲ್ಲರೂ ಕೊಡಬೇಕು. ಕೋಲು ಅದರ ಕಣ್ಣಿಗೆ ಬೀಳಬಾರದು.

ಮರುದಿನದಿಂದ ಅವಳು ಮುಂಜಾನೆ ಐದೂವರೆಗೆ ಮೊಸರನ್ನ ಕಲಸಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂರತೊಡಗಿದಳು. ಸೀಸರ್ ತನ್ನ ಅಳತೆಯ ದೂರದಲ್ಲಿ ಕೂತು ಅನ್ನವನ್ನು ನೋಡುವುದು, ಅವಳ ಮುಖವನ್ನು ನೋಡುವುದು. ಅರ್ಧ ಗಂಟೆ ಕೈ ಚಾಚಿ ಚಾಚಿ ರಟ್ಟೆ ಬಿದ್ದುಹೋಗುತ್ತಿತ್ತು. ಕೊನೆಗೆ ಅನ್ನವನ್ನು ನೆಲದ ಮೇಲಿಟ್ಟು ಏಳುವಳು. ಆಮೇಲೆ ಇನ್ನೊಂದು ಸ್ನಾನ. ಹಂಡೆಯ ಬಿಸಿನೀರು ಮಾವನವರಿಗೆ ಆಗಿಹೋಗಿರುತ್ತಿದ್ದರಿಂದ ತಣ್ಣೀರೇ ಗತಿ. ಅಡುಗೆ ಮುಗಿಸಿ ಓಡಿದರೂ ಬಸ್ಸು ತಪ್ಪುತ್ತಿತ್ತು. ಟೈಪ್‌ರೈಟರಿನ ಮುಂದೆ ತೂಕಡಿಸಿ ಒಂದೇ ಸಾಲನ್ನು ಎರಡು ಸಲ ಹೊಡೆದು ಬೈಸಿಕೊಂಡಳು.

ಒಂಬತ್ತನೆಯ ದಿನ ಅವಳಿಗೆ ಕರೆಯುವಷ್ಟೂ ಶಕ್ತಿಯಿರಲಿಲ್ಲ. ಕೈಯಲ್ಲಿ ತುತ್ತು ಇಟ್ಟುಕೊಂಡೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅಂಗೈಗೆ ಏನೋ ಬೆಚ್ಚಗೆ ತಾಗಿತು. ಕಣ್ಣು ತೆರೆದರೆ ಸೀಸರ್ ಅನ್ನ ತಿಂದು, ಬೆರಳ ಸಂದುಗಳನ್ನು ನೆಕ್ಕುತ್ತಿತ್ತು. ಒಂದೂಕಾಲು ವರ್ಷದಿಂದ ಅದೇ ಮನೆಯಲ್ಲಿದ್ದ ಪ್ರಾಣಿಯ ಕಿವಿಗಳು ಇಷ್ಟು ಮೃದು ಎಂಬುದು ಅವಳಿಗೆ ಅವತ್ತೇ ಗೊತ್ತಾದದ್ದು. ಅವಳು ಅತ್ತಳು. ಸಂತೋಷಕ್ಕೋ ಸುಸ್ತಿಗೋ ಅವಳಿಗೇ ತಿಳಿಯಲಿಲ್ಲ. ಆ ಗಳಿಗೆಯಿಂದ ಟಿನ್ ಫ್ಯಾಕ್ಟರಿಯ ಸರಪಳಿಗೆ ಅದನ್ನು ಕಳಿಸುವ ಮನಸ್ಸು ಅವಳಿಗೆ ಇಲ್ಲವಾಯಿತು.

ಆದರೆ ಎರಡು ಹೆಜ್ಜೆ ಮುಂದೆ ಬಂದ ನಾಯಿ ಮರುದಿನ ಒಂದು ಹೆಜ್ಜೆ ಹಿಂದೆ ಹೋಗುತ್ತಿತ್ತು. ಅವಳು ಸ್ನಾನಕ್ಕೆ ಹೋದೊಡನೆ ಜಗಲಿಯಲ್ಲಿ ಮಡಿಕೋಲು ಮೇಲೇಳುತ್ತಿತ್ತಲ್ಲ. "ಒಂದು ಕೈ ಕರೀತದೆ, ಒಂದು ಕೈ ಓಡಿಸ್ತದೆ," ಎಂದರು ನಜೀರ್. "ಆ ಹಿರಿಯರಿಗೆ ಹೇಳಿ ಅಮ್ಮ. ಇಲ್ದಿದ್ರೆ ನೀವು ಸುಮ್ನೆ ಇಷ್ಟು ದೂರ ನಡೀಬೇಡಿ."

ಸೋಮವಾರ ಸಂಜೆ ಊರಿಗೆ ಬಂದ ಗಂಡನಿಗೆ ಹೇಳಿದಳು.

"ಅಪ್ಪಂಗೆ ನಾನು ಹೇಳೋದಾ?" ಅನಂತರಾಮು ಹೌಹಾರಿದ. "ನೀನೇ ಹೇಳು. ನಿನ್ ಮಾತು ಕೇಳ್ತಾರೆ."

ನಲವತ್ತೆಂಟು ವರ್ಷದ ಆ ಮನುಷ್ಯ ಅಪ್ಪನ ಜೊತೆ ಮಾತಾಡುವಾಗ ಇವತ್ತಿಗೂ ಬಾಗಿಲ ಚೌಕಟ್ಟು ದಾಟುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಕಂಡದ್ದನ್ನು ಅವಳು ಅವತ್ತು ಸರಿಯಾಗಿ ನೋಡಿದಳು. ಕೋಪ ಬಂದು, ಕೋಪ ಮಾಡಿಕೊಳ್ಳಲೂ ಬೇಸರವಾಗಿ, ತಾನೇ ಹೋದಳು. ಮೇಷ್ಟ್ರು ಊಟ ಮುಗಿಸಿ ಪಂಚಾಂಗ ನೋಡುತ್ತಿದ್ದರು.

"ಮಾವ, ಆ ಕೋಲು ಸೀಸರ್ ಕಣ್ಣಿಗೆ ಬೀಳ್ಬಾರ್ದಂತೆ."

"ಕೋಲಿಲ್ದೆ ಪಂಚೆ ಹೇಗೆ ಹಾಕ್ಲಮ್ಮ? ಈ ವಯಸ್ಸಲ್ಲಿ ಹಾರ್ಲಾ?"

"ಅಲ್ಲ ಮಾವ. ಅದು ಕೋಲು ಕಂಡ್ರೆ ಹೆದರ್ಕೊಳ್ಳುತ್ತೆ. ಪುಟ್ಟೀನ ಕಚ್ಚಿದ್ದೂ ಅದಕ್ಕೇ ಅಂತೆ."

"ನಾನು ಒಂದು ದಿನವೂ ಹೊಡೆದಿಲ್ಲ."

"ನಾನೂ ಹೊಡೆದಿಲ್ಲ," ಎಂದಳು ಸೀತಾಲಕ್ಷ್ಮಿ. "ಇಬ್ರೂ ಸೇರಿ ಕಲ್ಸಿದೀವಿ. ನೀವೂ ಕೈಯಿಂದ ಅನ್ನ ಕೊಟ್ರೆ ಸರಿ ಹೋಗುತ್ತಂತೆ. ಇಲ್ದಿದ್ರೆ ತಿಂಗಳಾದ್ಮೇಲೆ ಅದನ್ನ ಮಿಲ್ಲಿಗೆ ಕಳಿಸ್ಬೇಕು."

ಮೇಷ್ಟ್ರು ಪಂಚಾಂಗದಿಂದ ತಲೆ ಎತ್ತಲಿಲ್ಲ. ಅವಳು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಜಗಲಿಗೆ ಬರುವ ಮೊದಲು ಅವರು ಒಳಗಿನಿಂದಲೇ "ಅದನ್ನ ಮುಂದಿನ ಕೋಣೇಲಿ ಕೂಡಿ ಹಾಕು" ಎಂದು ಕೂಗಿದರು. ದಿನವೂ ಹಾಗೇ ಮಾಡಿದರು. ಅಷ್ಟು ಕೊಟ್ಟರು. ಅನ್ನ ಮಾತ್ರ ಕೊಡಲಿಲ್ಲ. ಅವಳು ಸಂಜೆ ತಿನ್ನಿಸುವಾಗ ಅವರು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಕೋಲು ಮರೆಯಾದ ಮೇಲೆ ನಾಯಿ ಬೇಗ ಬೇಗ ಕಲಿಯಿತು. ನಾಲ್ಕನೆಯ ಭಾನುವಾರ ನಜೀರ್ ಕೈಯನ್ನು ತಲೆಯ ಮೇಲೆತ್ತಿ ಕರೆದರು. ಸೀಸರ್ ಮೈ ನಡುಗಿಸಿಕೊಂಡೇ ಹತ್ತಿರ ಹೋಯಿತು, ಬಿಸ್ಕತ್ತು ತೆಗೆದುಕೊಂಡಿತು. ಆಂಗ್ಲೋ ಇಂಡಿಯನ್ ಅಜ್ಜಿ ಚಪ್ಪಾಳೆ ತಟ್ಟಿದಳು. "ಮಕ್ಕಳ ಹತ್ರ ಭಯ ಇಲ್ಲ ಅಮ್ಮ," ಎಂದರು ನಜೀರ್. "ಆ ಹಿರಿಯರು ಒಬ್ರು ಬಾಕಿ. ಅವರ ಕೈ ಇದಕ್ಕೆ ಇನ್ನೂ ಕೋಲೇ. ಅವಸರ ಮಾಡ್ಬೇಡಿ."

ಅದರ ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಜನಮೂರ್ತಿ ಸಂಘದ ಇನ್ನಿಬ್ಬರನ್ನೂ ಪುಟ್ಟಿಯನ್ನೂ ಕರೆದುಕೊಂಡು ಬಂದ. ಸೀಸರ್ ಮುಂದಿನ ಜಗಲಿಯ ಮೂಲೆಯಲ್ಲಿ ಕೂತಿತ್ತು. ಸೀತಾಲಕ್ಷ್ಮಿ ಅನ್ನದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಪುಟ್ಟಿ ಮೊದಲು ಅಪ್ಪನ ಕಾಲು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ತುತ್ತನ್ನು ಹಿಡಿದು, ಹೆದರಿಕೆಯಲ್ಲಿ ಕೈಯನ್ನು ತಲೆಗಿಂತ ಮೇಲೆ ಎತ್ತಿದಳು. ಸೀಸರ್ ಕೂತಲ್ಲೇ ಕಾಯಿತು. ಕೈ ಇಳಿದ ಮೇಲೆ ಮೆಲ್ಲಗೆ ತಿಂದಿತು. ಪುಟ್ಟಿ ನಕ್ಕುಬಿಟ್ಟಳು. ಊರಲ್ಲಿದ್ದ ಅನಂತರಾಮುವೂ ಒಂದು ತುತ್ತು ಕೊಟ್ಟು ತಾನೇ ಪಳಗಿಸಿದವನ ಹಾಗೆ ಎಲ್ಲರ ಮುಖ ನೋಡಿದ.

"ಮನೆಯವರೆಲ್ಲರ ಕೈಗೂ ಬರುತ್ತೆ ಅಂದ್ರೆ ನಮಗೂ ಧೈರ್ಯ," ಎಂದ ಅಂಜನಮೂರ್ತಿ. "ಮೇಷ್ಟ್ರು ಪೂಜೇಲಿದಾರೆ, ಅವರನ್ನ ಬಿಡಿ."

"ಬಿಡೋದ್ಯಾಕೆ?"

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಉಟ್ಟದ್ದು ಮಡಿಪಂಚೆ, ಹೊದ್ದದ್ದು ಒದ್ದೆ ವಸ್ತ್ರ, ಹಣೆಯ ಮೇಲೆ ಗಂಧ ಇನ್ನೂ ಒಣಗಿರಲಿಲ್ಲ. ಸೀತಾಲಕ್ಷ್ಮಿ ಬೇಡವೆಂದು ತಲೆಯಾಡಿಸಿದಳು. ಅವರು ನೋಡಿಯೂ ನೋಡದವರಂತೆ ಹೊಸ್ತಿಲು ದಾಟಿ ಬಂದು, ನಾಯಿಯ ಎಂಜಲಾಗಿದ್ದ ಅವಳ ಅಂಗೈಯಿಂದಲೇ ತುತ್ತನ್ನು ತೆಗೆದುಕೊಂಡರು. ಬಂದವರಿಗೆ ಬೆನ್ನು ಮಾಡಿ, ಗೋಡೆ ಹಿಡಿದು, ಮೂಲೆಯ ಕಡೆ ಬಗ್ಗಿದರು.

"ಬಾಪ್ಪ," ಎಂದರು. ಆ ದನಿಯನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಸೀಸರ್‌ಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಅದರ ತಲೆ ಒಮ್ಮೆ ಮುಂದೆ ಚಿಮ್ಮಿ ಹಿಂದೆ ಹೋಯಿತು. ಸದ್ದೇ ಆಗಲಿಲ್ಲ. ತುತ್ತು ನೆಲಕ್ಕೆ ಬಿತ್ತು. ಮೇಷ್ಟ್ರ ಭುಜ ಒಂದು ಸಲ ಕುಗ್ಗಿತು, ಅಷ್ಟೆ. ಅವರು ಕೈಯನ್ನು ಒದ್ದೆ ವಸ್ತ್ರದೊಳಗೆ ಸುತ್ತಿಕೊಂಡು ನಿಧಾನವಾಗಿ ನೆಟ್ಟಗಾದರು. ಅಷ್ಟರಲ್ಲಿ ನಾಯಿ ನೆಲದ ಮೇಲಿನ ಅನ್ನ ನೆಕ್ಕುತ್ತಿತ್ತು.

"ತಿಂತು," ಎಂದರು ಮೇಷ್ಟ್ರು. "ನನ್ನ ಕೈ ನಡುಗುತ್ತೆ, ಅರ್ಧ ಚೆಲ್ತು. ಸಾಧು ಪ್ರಾಣಿ."

"ಸರಿ ಬಿಡಿ ಮೇಷ್ಟ್ರೇ, ನಮ್ದೇನೂ ಅಭ್ಯಂತರ ಇಲ್ಲ," ಎಂದ ಅಂಜನಮೂರ್ತಿ. ಅವನಿಗೂ ದೊಡ್ಡ ಭಾರ ಇಳಿದಂತಿತ್ತು. ಮುನಿವೆಂಕಟಪ್ಪನಿಗೆ ಬೇರೆ ನಾಯಿ ನೋಡಿಕೊಳ್ಳಲು ಹೇಳುತ್ತೇನೆಂದು ಅನಂತರಾಮು ಜಂಬದಿಂದ ಮಾತಾಡುತ್ತ ಅವರನ್ನೆಲ್ಲ ಗೇಟಿನವರೆಗೆ ಬಿಡಲು ಹೋದ.

ಸೀತಾಲಕ್ಷ್ಮಿ ಹಿತ್ತಿಲಿಗೆ ಓಡಿದಳು. ಮೇಷ್ಟ್ರು ಒಗೆಯುವ ಕಲ್ಲಿನ ಮೇಲೆ ಕೂತು ವಸ್ತ್ರ ಬಿಚ್ಚುತ್ತಿದ್ದರು. ಹೆಬ್ಬೆರಳಿನ ಕೆಳಗೆ ಎರಡು ತೂತು, ವಸ್ತ್ರದ ತುಂಬ ಕೆಂಪು. ಅವಳು ಮೈಲಿಗೆ ಅಂತ ನೋಡದೆ ಅವರ ಕೈ ಹಿಡಿದು ಸೋಪು ಹಚ್ಚಿ ತಂಬಿಗೆ ತಂಬಿಗೆ ನೀರು ಹೊಯ್ದಳು. ಸೊಸೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಆ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಡಾಕ್ಟರ ಹತ್ರ ಹೋಗ್ಲೇಬೇಕು ಮಾವ."

"ಹೋಗೋಣ. ಇಲ್ಲಿ ಬೇಡ, ಹಲಸೂರಲ್ಲಿ ತೋರ್ಸೋಣ. ಅನಂತೂಗೂ ಹೇಳ್ಬೇಡ."

"ಮಡೀಲಿದ್ದು ಸುಳ್ಳು ಹೇಳಿದ್ರಲ್ಲ ಮಾವ."

"ಹೇಳ್ದೆ," ಎಂದರು ಮೇಷ್ಟ್ರು. ನೋವಿಗೆ ಅವರ ಕಣ್ಣಲ್ಲಿ ನೀರಿತ್ತು. "ಅದಕ್ಕೆ ನಾನು ದಿನಾ ಬೆಳಿಗ್ಗೆ ಏನು ಕಲಿಸ್ದೆನೋ ಅದನ್ನೇ ಒಂದಕ್ಷರ ತಪ್ಪದೆ ಒಪ್ಪಿಸ್ತು. ಪಾಠ ಒಪ್ಪಿಸಿದ ಹುಡುಗನ್ನ ಶಾಲೆ ಬಿಡಿಸ್ಲಾ?"

ಅವಳು ಗಾಯಕ್ಕೆ ಒಂದು ಬಟ್ಟೆ ಸುತ್ತಿದಳು. ಮೇಷ್ಟ್ರು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಈ ಕೈ ವಾಸಿಯಾಗ್ಲಿ ಅಂತ ಕಾಯೋದು ಬೇಡ. ನಾಳೆಯಿಂದ ಇನ್ನೊಂದು ಕೈಯಲ್ಲಿ ನಾನೇ ಕೊಡ್ತೀನಿ. ಎಷ್ಟು ದಿನ ಹಿಡಿಯುತ್ತೋ ಹಿಡೀಲಿ. ನೀನು ಪಕ್ಕದಲ್ಲಿ ಕೂತ್ಕೋ."

ತಿಂಗಳು ಮುಗಿದರೆ ಬೆಳಗಿನ ನಿದ್ದೆ ವಾಪಸು ಸಿಗುತ್ತದೆಂದು ಅವಳು ದಿನ ಎಣಿಸಿದ್ದಳು. ಕಾಲು ಸೇದುತ್ತಿತ್ತು, ರಾತ್ರಿಯ ಪಾತ್ರೆಗಳು ಹಾಗೇ ಬಿದ್ದಿದ್ದವು, ಹಲಸೂರಿಗೆ ಹೋಗಿಬರಬೇಕಿತ್ತು. ಎಲ್ಲವೂ ಮೊದಲಿನಿಂದ ಶುರುವಾಗಬೇಕಿತ್ತು.

"ಐದೂವರೆಗೆ ಅನ್ನ ಕಲಸಿಡ್ತೀನಿ ಮಾವ," ಎಂದಳು.